ಗೋಡೆಗೆ ಟಾರ್ಚ್ ಹಿಡಿದವರು

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟಿನ ಕೀಲಿ ಕೈಗೆ ಬರುವ ಮೊದಲು ಈಗ ಒಂದು ಹೊಸ ಶಾಸ್ತ್ರ ನಡೆಯುತ್ತದೆ. ಗೃಹಪ್ರವೇಶದ ಹೋಮಕ್ಕಿಂತ ಮುಂಚೆ ಇದು ಆಗಲೇಬೇಕು. ಕೊಂಡವರು ಸಂಜೆ ಬರ್ತಾರೆ, ಕಿಟಕಿ ಮುಚ್ಚಿ ದೀಪ ಆರಿಸ್ತಾರೆ, ಮೊಬೈಲಿನ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕನ್ನು ಗೋಡೆಯ ಉದ್ದಕ್ಕೂ ಹರಿಸ್ತಾರೆ. ಹಗಲು ಬಿಳಿ ಹಾಳೆಯ ಹಾಗೆ ಕಂಡಿದ್ದ ಗೋಡೆ ಆ ಬೆಳಕಿನಲ್ಲಿ ಉತ್ತ ಹೊಲದ ಹಾಗೆ ಕಾಣುತ್ತದೆ. ಉಬ್ಬು, ತಗ್ಗು, ಪಟ್ಟಿ ಎಳೆದ ಗೆರೆ, ಪುಟ್ಟಿಯ ಅಲೆ, ಸ್ವಿಚ್ ಬೋರ್ಡಿನ ಸುತ್ತ ಆಮೇಲೆ ಮೆತ್ತಿದ ತೇಪೆ ಎಲ್ಲ ಎದ್ದು ನಿಲ್ಲುತ್ತವೆ. ಒಂದೊಂದಕ್ಕೂ ಫೋಟೊ, ಆಮೇಲೆ ಎಕ್ಸೆಲ್ ಶೀಟು, ಆಮೇಲೆ ಬಿಲ್ಡರಿಗೆ ಮೇಲ್. ನಮ್ಮ ಆಫೀಸಿನ ಬಗ್ ಲಿಸ್ಟ್ ಇದ್ದ ಹಾಗೇ. ಈ ಕೆಲಸವನ್ನೇ ದುಡ್ಡು ತಗೊಂಡು ಮಾಡಿಕೊಡುವ ಕಂಪನಿಗಳೂ ಹುಟ್ಟಿಕೊಂಡಿವೆ.

ಇಪ್ಪತ್ತು ವರ್ಷ ಇಎಂಐ ಕಟ್ಟುವವರು ಗೋಡೆ ನೋಡಿ ತಗೊಳ್ಳೋದರಲ್ಲಿ ತಪ್ಪೇನಿಲ್ಲ. ಆದರೆ ನನಗೆ ಈ ಶಾಸ್ತ್ರ ನೋಡಿದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಗೋಡೆ ಇಂಥ ಬೆಳಕಿನಲ್ಲೂ ನುಣ್ಣಗೇ ಕಾಣಬೇಕು ಅಂತ ಆದದ್ದು ಯಾವಾಗಿನಿಂದ? ನಾನು ಘೋಡಗೇರಿಯವನು. ಹುಕ್ಕೇರಿ ತಾಲ್ಲೂಕು, ಆಚೆ ಗೋಕಾಕ, ಈಚೆ ಮೂಡಲಗಿ, ಘಟಪ್ರಭಾ ಸೀಮೆ. ನಮ್ಮಲ್ಲಿ ಗೋಡೆಗೆ ಗ್ವಾಡಿ ಅಂತಾರೆ, ಪ್ಲಾಸ್ಟರಿಗೆ ಗಿಲಾವ್ ಅಂತಾರೆ, ಅದನ್ನು ಮಾಡುವವನಿಗೆ ಗೌಂಡಿ ಅಂತಾರೆ. ಈ ಗಿಲಾವಿನ ಚರಿತ್ರೆಯನ್ನು ಮಣ್ಣು, ಸುಣ್ಣ, ಸಿಮೆಂಟು ಅಂತ ಸಾಮಾನಿನ ಲೆಕ್ಕದಲ್ಲಿ ಹೇಳೋದು ರೂಢಿ. ಅದು ಅರ್ಧ ಕತೆ. ಇನ್ನರ್ಧ ಮನೆಯೊಳಗೆ ದೀಪ ಎಲ್ಲಿ ಕೂತಿತ್ತು ಅನ್ನೋದರಲ್ಲಿದೆ.

ಮೊದಲು ಸ್ವಲ್ಪ ಲೆಕ್ಕ. ಯೋಹಾನ್ ಲ್ಯಾಂಬರ್ಟ್ ಎಂಬ ಗಣಿತಜ್ಞ 1760ರಲ್ಲಿ ಬೆಳಕಿನ ಅಳತೆಯ ಬಗ್ಗೆ ಒಂದು ಪುಸ್ತಕ ಬರೆದ. ಒಂದು ಮೇಲ್ಮೈ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನೋದು ಬೆಳಕು ಬರುವ ಕೋನದ ಕೊಸೈನ್ ಮೇಲೆ ನಿಂತಿದೆ ಅನ್ನೋದು ಅದರ ಮುಖ್ಯ ಮಾತು. ಇವತ್ತಿಗೂ ಎಷ್ಟೋ ವಿಡಿಯೋ ಗೇಮ್‌ಗಳ ಗ್ರಾಫಿಕ್ಸಿನ ತಳದಲ್ಲಿ ಇದೇ ಸೂತ್ರ ಇದೆ. ಈಗ ಗೋಡೆಯ ಒಂದು ಜಾಗ ಬರೀ 1 ಡಿಗ್ರಿ ವಾಲಿದೆ ಅಂದುಕೊಳ್ಳಿ. 10 ಸೆಂಟಿಮೀಟರ್ ಅಗಲದಲ್ಲಿ 1.7 ಮಿಲಿಮೀಟರ್ ವ್ಯತ್ಯಾಸ, ಅಷ್ಟೇ. ಬೆಳಕು ಹೆಚ್ಚು ಕಡಿಮೆ ಎದುರಿನಿಂದ, ಅಂದರೆ ನೇರಕ್ಕೆ 30 ಡಿಗ್ರಿಯಲ್ಲಿ ಬಿದ್ದರೆ ಆ ಜಾಗದ ಹೊಳಪು ಶೇಕಡಾ 1ರಷ್ಟು ಬದಲಾಗುತ್ತದೆ. ಕಣ್ಣಿಗೆ ಗೊತ್ತೇ ಆಗಲ್ಲ. ಅದೇ ಬೆಳಕು ಗೋಡೆಯನ್ನು ಸವರಿಕೊಂಡು 85 ಡಿಗ್ರಿಯಲ್ಲಿ ಬಂದರೆ ಬದಲಾವಣೆ ಸುಮಾರು ಶೇಕಡಾ 20. ನೆರಳಿನ ಕತೆಯೂ ಹೀಗೇ. 1 ಮಿಲಿಮೀಟರ್ ಎತ್ತರದ ಗುಳ್ಳೆಯ ನೆರಳು 45 ಡಿಗ್ರಿ ಬೆಳಕಿನಲ್ಲಿ 1 ಮಿಲಿಮೀಟರ್ ಉದ್ದ ಇರುತ್ತದೆ. ಬೆಳಕು ಗೋಡೆಯಿಂದ 3 ಡಿಗ್ರಿಗೆ ಇಳಿದರೆ ನೆರಳು 19 ಮಿಲಿಮೀಟರ್ ಆಗುತ್ತದೆ. ಗೋಡೆ ಅದೇ. ಬದಲಾಗಿದ್ದು ದೀಪದ ಜಾಗ.

ಇಷ್ಟು ತಲೆಯಲ್ಲಿಟ್ಟುಕೊಂಡು ನಮ್ಮ ಸೀಮೆಯ ಹಳೆಯ ಮನೆಯೊಳಗೆ ಹೋಗೋಣ. ಮೇಲ್ಮುದ್ದಿ ಮನೆ ಇರಲಿ, ಹಂಚಿನ ಮನೆ ಇರಲಿ, ಒಳಗೆ ಕತ್ತಲು. ದಪ್ಪ ಗೋಡೆ, ಸಣ್ಣ ಕಿಟಕಿ. ಹಗಲು ಬೆಳಕು ಬರುತ್ತಿದ್ದದ್ದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಆ ಬೆಳಕು ಕಂಬದ ಹಾಗೆ ನೆಲಕ್ಕೆ ಇಳಿದು, ನೆಲದಿಂದ ಚದುರಿ ಗೋಡೆ ಮುಟ್ಟುತ್ತಿತ್ತು. ರಾತ್ರಿ ಪಣತಿಯೋ ಚಿಮಣಿಯೋ ಗೋಡೆಯ ಮಾಡದಲ್ಲಿ ಕೂತಿರುತ್ತಿತ್ತು. ಮಾಡ ಅಂದರೆ ಗೋಡೆಯಲ್ಲೇ ಬಿಟ್ಟ ಗೂಡು. ದೀಪ ಗೋಡೆಯ ಒಳಗೇ ಕೂತಾಗ ಆ ಗೋಡೆಯ ಮುಖದ ಮೇಲೆ ಬೆಳಕು ಹರಿಯೋದಿಲ್ಲ, ಎದುರು ಗೋಡೆಗೆ ಹೋಗುತ್ತದೆ, ಅದೂ ನೇರವಾಗಿ. ಅಂದರೆ ಹಳೆಯ ಮನೆಯ ದೀಪ ತಾನು ಕೂತ ಗೋಡೆಯ ತಪ್ಪು ಎತ್ತಿ ಆಡುತ್ತಿರಲಿಲ್ಲ.

ಗಿಲಾವ್ ಕೂಡ ಬೇರೆ ರೀತಿಯದು. ಜರಡಿ ಹಿಡಿದ ಮಣ್ಣಿಗೆ ಹೊಟ್ಟು ಹಾಕಿ, ತುಳಿದು, ಕೊಳೆಯಲು ಬಿಟ್ಟು, ಆಮೇಲೆ ಗೋಡೆಗೆ ಬಳಿಯುತ್ತಿದ್ದರು. ಮೇಲೆ ಹೆಂಡಿ ಕಲಸಿದ ನೀರಿನಲ್ಲಿ ಸಾರಿಸೋದು ಹೆಂಗಸರ ಕೆಲಸ. ಕೈಯಿಂದ ಅರ್ಧಚಂದ್ರದ ಹಾಗೆ ಎಳೆದ ಗುರುತು ಒಣಗಿದ ಮೇಲೂ ಉಳಿಯುತ್ತಿತ್ತು, ಅದನ್ನು ಯಾರೂ ದೋಷ ಅಂತ ಎಣಿಸುತ್ತಿರಲಿಲ್ಲ. ಮಹಾನವಮಿ ಬಂತು ಅಂದರೆ ಮತ್ತೆ ಸಾರಿಸಬೇಕು, ಮತ್ತೆ ಸುಣ್ಣ ಬಳಿಯಬೇಕು. ಮಳೆಗಾಲ ಕಳೆದ ಮೇಲೆ ಬಿರುಕಿಗೆ ಮತ್ತೆ ಮಣ್ಣು. ಹಾಗಾಗಿ ಗೋಡೆ ಮುಗಿದ ದಿನ ಅಂತ ಒಂದು ಇರಲೇ ಇಲ್ಲ. ಮುಗಿದ ದಿನ ಇಲ್ಲದ ಮೇಲೆ ಮುಗಿದ ಕೆಲಸದ ಪರೀಕ್ಷೆಯೂ ಇಲ್ಲ. ಪರೀಕ್ಷೆ ಏನಿದ್ದರೂ ಅಂಗೈಗೆ ಸೇರಿದ್ದು: ಸವರಿದರೆ ಪುಡಿ ಉದುರುತ್ತದೋ, ಗೆಣ್ಣಿನಿಂದ ಬಡಿದರೆ ಪೊಳ್ಳು ಸದ್ದು ಬರುತ್ತದೋ, ಉಗುರಿನಿಂದ ಗೀರಿದರೆ ಎದ್ದು ಬರುತ್ತದೋ. ಇದರಲ್ಲಿ ಕಣ್ಣಿನ ಪಾಲು ಕಡಿಮೆ.

ಕಣ್ಣಿಗೆ ಕೆಲಸ ಕೊಟ್ಟವರು ಅರಸರು, ಗುಡಿ ಮಸೀದಿ ಕಟ್ಟಿಸಿದವರು. ಅವರ ಗಿಲಾವಿಗೆ ಗಚ್ಚು ಅಂತ ಹೆಸರು, ಗಚ್ಚುಗಾರೆ ಅಂತಲೂ ಅಂತೇವೆ. ಗಚ್ ಅನ್ನೋದು ಫಾರಸಿಯಲ್ಲಿ ಗಿಲಾವಿನ ಸುಣ್ಣ, ಜಿಪ್ಸಂಗೆ ಇರುವ ಮಾತು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಗುಂಡಿಯಲ್ಲಿ ನೆನೆಹಾಕಿ, ಮರಳಿನ ಜೊತೆ ಗಾಣದಲ್ಲಿ ಅರೆಯಬೇಕು. ಉತ್ತರ ಕರ್ನಾಟಕದ ಹಳೆಯ ಕೋಟೆಗಳ ಹತ್ತಿರ ದುಂಡಗಿನ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಚಕ್ರ ನೋಡಿದ್ದರೆ ಅದೇ ಸುಣ್ಣದ ಗಾಣ. ಎತ್ತು ಕಟ್ಟಿ ಸುತ್ತಿಸುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಪದ್ಧತಿಯೂ ಇತ್ತು. ಈ ಗಾರೆಯ ದೊಡ್ಡ ಗುಣ ಅಂದರೆ ನಿಧಾನ. ಸುಣ್ಣ ಗಟ್ಟಿಯಾಗೋದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದಕ್ಕೆ ದಿನಗಳು, ವಾರಗಳು ಬೇಕು. ಅಷ್ಟು ದಿನವೂ ಕೆಲಸಗಾರನಿಗೆ ತಿದ್ದಲು ಅವಕಾಶ ಇರುತ್ತದೆ. ತಟ್ಟುತ್ತಾನೆ, ತಿಕ್ಕುತ್ತಾನೆ, ಮಾರನೆಯ ದಿನ ಬಂದು ನೋಡಿ ಮತ್ತೆ ತಿಕ್ಕುತ್ತಾನೆ.

ವಿಜಯಪುರಕ್ಕೆ ಹೋದರೆ ಈ ನಿಧಾನದ ಫಲ ಕಾಣುತ್ತದೆ. ಅಲ್ಲಿಯ ಜಾಮಿ ಮಸೀದಿಯ ನೆಲವನ್ನು ಔರಂಗಜೇಬನ ಕಾಲದಲ್ಲಿ ಒಬ್ಬೊಬ್ಬರು ನಮಾಜು ಮಾಡುವಷ್ಟು ಜಾಗದ ಎರಡು ಸಾವಿರಕ್ಕೂ ಹೆಚ್ಚು ಚೌಕಗಳಾಗಿ ಗೆರೆ ಹಾಕಿ, ಗಾರೆ ಹಾಕಿ ನಯ ಮಾಡಿದ್ದಾರೆ. ಕಮಾನುಗಳಿಂದ ಬೆಳಕು ಆ ನೆಲದ ಮೇಲೆ ಓರೆಯಾಗಿಯೇ ಬೀಳುತ್ತದೆ, ಅಂದರೆ ಅಲ್ಲಿ ಪರೀಕ್ಷೆ ಕಠಿಣ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟದಲ್ಲಿ ಒಳ ವ್ಯಾಸ ಸುಮಾರು 38 ಮೀಟರ್ ಇರುವ ಗುಮ್ಮಟಕ್ಕೆ ಗಿಲಾವ್ ಆಗಿದೆ. ಪಿಸುಗುಟ್ಟಿದ ಮಾತು ಆಚೆ ಕಡೆ ಕೇಳಿಸುತ್ತದಲ್ಲ, ಅಲ್ಲಿ ಮೇಲ್ಮೈಯ ನಯ ಕಿವಿಗೂ ಗೊತ್ತಾಗುತ್ತದೆ. ಹಂಪಿಯ ಕಮಲ ಮಹಲಿನಲ್ಲಿ ಗಾರೆಯವರು ಬೇರೆಯೇ ಜಾಣತನ ತೋರಿಸಿದ್ದಾರೆ. ಬಯಲು ಗೋಡೆ ಬಿಡೋದೇ ಕಡಿಮೆ, ಕಮಾನಿನ ಮೇಲೆಲ್ಲ ಬಳ್ಳಿ, ಹಕ್ಕಿ, ಪದರ ಪದರ. ಓರೆ ಬೆಳಕು ಬಿದ್ದರೆ ಅಲ್ಲಿ ಕಾಣೋದು ಕುಸುರಿ. ಅಂದರೆ ಅಂಥ ಬೆಳಕು ಬರುತ್ತದೆ ಅಂತ ಗೊತ್ತಿದ್ದು ಕೆಲಸ ಮಾಡಿದವರು ಹಿಂದೆಯೂ ಇದ್ದರು. ರೋಮಿನ ವಿಟ್ರುವಿಯಸ್ ಎರಡು ಸಾವಿರ ವರ್ಷದ ಹಿಂದೆ ಒರಟು ಲೇಪದ ಮೇಲೆ ಮೂರು ಲೇಪ ಮರಳಿನ ಗಾರೆ, ಮೂರು ಲೇಪ ಅಮೃತಶಿಲೆಯ ಪುಡಿಯ ಗಾರೆ ಅಂತ ಲೆಕ್ಕ ಕೊಟ್ಟಿದ್ದಾನೆ. ಮದರಾಸಿನ ಚಿಪ್ಪುಸುಣ್ಣದ ಗಿಲಾವನ್ನು ನೋಡಿ ಹದಿನೆಂಟನೆಯ ಶತಮಾನದ ಯುರೋಪಿಯನ್ನರು ಅಮೃತಶಿಲೆಗೆ ಹೋಲಿಸಿದರು. ಆದರೆ ಇವೆಲ್ಲ ದುಡ್ಡು, ಜನ, ಸಮಯ ಮೂರೂ ಇದ್ದವರ ಗೋಡೆಗಳು.

ಸಾಮಾನ್ಯರ ಗೋಡೆಯ ಕಡೆ ಸರಕಾರ ಕಣ್ಣು ಹಾಕಿದ್ದು ರೋಗದ ನೆಪದಲ್ಲಿ. ಬೆಳಗಾವಿ ಜಿಲ್ಲೆ 1956ರ ತನಕ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದು ಒಳನಾಡಿಗೆ ಹಬ್ಬಿದಾಗ ಕತ್ತಲ ಮನೆಗಳೇ ಅಧಿಕಾರಿಗಳ ಕಣ್ಣಿಗೆ ಬಿದ್ದವು. ಸೂರು ಬಿಚ್ಚಿಸಿ ಬೆಳಕು ಬಿಡಿಸೋದು, ಗೋಡೆಗೆ ಸುಣ್ಣ ಹೊಡೆಸೋದು ಆಗ ಸರಕಾರಿ ಕೆಲಸವಾಯಿತು. ಗೋಕಾಕ ಜಲಪಾತದ ನೀರಿನ ಬಲ ನಂಬಿ 1887ರಲ್ಲಿ ಹತ್ತಿ ಗಿರಣಿ ಶುರುವಾದ ಸೀಮೆ ನಮ್ಮದು. ಮುಂದೆ ಇಂಥ ಗಿರಣಿಗಳಿಗೆಲ್ಲ ಅನ್ವಯವಾದ 1948ರ ಕಾರ್ಖಾನೆ ಕಾಯ್ದೆಯ 11ನೆಯ ಸೆಕ್ಷನ್ ಗೋಡೆಗೆ ಬಣ್ಣ ಇಲ್ಲದಿದ್ದರೆ 14 ತಿಂಗಳಿಗೊಮ್ಮೆ ಸುಣ್ಣ ಹೊಡೆಸಲೇಬೇಕು ಅನ್ನುತ್ತಿತ್ತು. ಗಮನಿಸಿ, ಇಲ್ಲೆಲ್ಲ ಗೋಡೆಗೆ ಕೇಳಿದ ಪ್ರಶ್ನೆ ಸ್ವಚ್ಛ ಇದೆಯೋ ಇಲ್ಲವೋ ಅಂತ. ಸಪಾಟು ಇದೆಯೋ ಅಂತ ಯಾರೂ ಕೇಳಿರಲಿಲ್ಲ.

ಆ ಪ್ರಶ್ನೆ ಬಂದದ್ದು ಸಿಮೆಂಟಿನ ಜೊತೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತೆಗೆದುಕೊಂಡ. ಭಾರತದಲ್ಲಿ 1914ರಲ್ಲಿ ಪೋರಬಂದರಿನಲ್ಲಿ ತಯಾರಿಕೆ ಶುರುವಾಯಿತು. ಆದರೆ ಹಳ್ಳಿಯ ಮನೆಗೆ ಸಿಮೆಂಟ್ ಬರಲು ಇನ್ನೂ ಎಪ್ಪತ್ತು ವರ್ಷ ಹಿಡಿಯಿತು. ಬೆಲೆ, ಹಂಚಿಕೆ ಎರಡೂ ಸರಕಾರದ ಕೈಯಲ್ಲಿದ್ದವು. ಮನೆ ಕಟ್ಟಬೇಕಾದರೆ ಪರ್ಮಿಟ್ಟಿಗೆ ಅರ್ಜಿ ಹಾಕಿ ಕಾಯಬೇಕು. ಪಕ್ಕದ ಮಹಾರಾಷ್ಟ್ರದಲ್ಲಿ ಸಿಮೆಂಟ್ ಹಂಚಿಕೆಯ ಗದ್ದಲಕ್ಕೆ 1982ರ ಜನವರಿಯಲ್ಲಿ ಮುಖ್ಯಮಂತ್ರಿ ಎ.ಆರ್. ಅಂತುಳೆ ಕುರ್ಚಿ ಬಿಡಬೇಕಾಯಿತು. ಅದರ ಮುಂದಿನ ತಿಂಗಳೇ ಕೇಂದ್ರ ಸರಕಾರ ನಿಯಂತ್ರಣ ಸಡಿಲಿಸಿತು, 1989ರ ಮಾರ್ಚಿನಲ್ಲಿ ಪೂರ್ತಿ ತೆಗೆಯಿತು. ಮೂವತ್ತರ ಈಚೆ ಆಚೆ ಇರುವ ನಮ್ಮ ತಲೆಮಾರು ಸಿಮೆಂಟ್ ಚೀಲ ಅಂಗಡಿಯಲ್ಲಿ ಸಿಗುವ ಕಾಲದಲ್ಲೇ ಹುಟ್ಟಿದ್ದು.

ಸಿಮೆಂಟಿನ ಸ್ವಭಾವ ಸುಣ್ಣಕ್ಕೆ ಪೂರಾ ಉಲ್ಟಾ. ಮಾನಕದ ಪ್ರಕಾರ ಸಾದಾ ಸಿಮೆಂಟ್ ಬಿಗಿಯಲು ಶುರು ಮಾಡೋದು ನೀರು ಬಿದ್ದ 30 ನಿಮಿಷದ ಒಳಗೆ ಆಗಬಾರದು, ಪೂರ್ತಿ ಬಿಗಿಯೋದು 10 ಗಂಟೆ ಮೀರಬಾರದು. ಗೌಂಡಿಗೆ ಸಿಗುವ ಕಾಲ ಈ ಎರಡರ ನಡುವಿನದು, ಬೇಸಿಗೆಯಲ್ಲಿ ಇನ್ನೂ ಕಡಿಮೆ. ಅಷ್ಟರಲ್ಲಿ ಮುಗಿಸಬೇಕು. ಅದಕ್ಕೇ ಈಗಿನ ಪದ್ಧತಿ ಹುಟ್ಟಿದ್ದು. ತೂಗುಗುಂಡು ಬಿಟ್ಟು ಗೋಡೆಯ ಮೇಲೆ ಅಲ್ಲಲ್ಲಿ ಬುಲ್ ಮಾರ್ಕ್ ಕೂರಿಸೋದು, ಒಳಗಿನ ಗೋಡೆಗೆ ಸಾಮಾನ್ಯವಾಗಿ 12 ಮಿಲಿಮೀಟರ್ ದಪ್ಪ, ನಡುವೆ ಗಾರೆ ಎಸೆದು ಉದ್ದ ಪಟ್ಟಿಯಿಂದ ಎಳೆಯೋದು, ಮರದ ಹಲಗೆಯಿಂದ ತಿಕ್ಕೋದು, ಮಾರನೆಯ ದಿನದಿಂದ ಕನಿಷ್ಠ 7 ದಿನ ನೀರು ಹೊಡೆಯೋದು. ಇಡೀ ಗೋಡೆಯ ಭವಿಷ್ಯ ಒಂದು ಮಧ್ಯಾಹ್ನದಲ್ಲಿ ತೀರ್ಮಾನ ಆಗುತ್ತದೆ. ಆಮೇಲೆ ತಿದ್ದಬೇಕಂದರೆ ಒಡೆಯಬೇಕು, ಇಲ್ಲ ಮೇಲೆ ಮೆತ್ತಬೇಕು.

ಆದರೂ ಮೊದಮೊದಲು ತೊಂದರೆ ಆಗಲಿಲ್ಲ. ಯಾಕೆ ಅಂದರೆ ದೀಪ ಇನ್ನೂ ಕರುಣೆಯ ಜಾಗದಲ್ಲೇ ಇತ್ತು. ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಸಿಕ್ಕದ್ದು ಒಂದೇ ಒಂದು ಬಲ್ಬು. ಅದು ಕೋಣೆಯ ನಡುವೆ ತೊಲೆಗೆ ನೇತುಬಿದ್ದು ನಾಲ್ಕೂ ಗೋಡೆಗೆ ಎದುರಿನಿಂದ ಬೆಳಕು ಕೊಡುತ್ತಿತ್ತು. ಆಮೇಲೆ ಬಂದ ಟ್ಯೂಬ್‌ಲೈಟು ನಾಲ್ಕಡಿ ಉದ್ದದ ದೀಪ. ಬೆಳಕಿನ ಮೂಲ ಉದ್ದವಾದಷ್ಟೂ ನೆರಳಿನ ಅಂಚು ಮಸುಕಾಗುತ್ತದೆ. ಅದಕ್ಕೆ 1990ರ ದಶಕದ ಗಿಲಾವ್ ಎಷ್ಟೇ ಅಲೆ ಅಲೆಯಾಗಿದ್ದರೂ ಸುಣ್ಣ, ಡಿಸ್ಟೆಂಪರ್ ಹೊಡೆದು ಟ್ಯೂಬ್‌ಲೈಟ್ ಹಚ್ಚಿದರೆ ಮನೆ ಬೆಳ್ಳಗೆ ನಗುತ್ತಿತ್ತು.

ಪರಿಸ್ಥಿತಿ ಕೆಟ್ಟದ್ದು ಮೂರು ಕಡೆಯಿಂದ ಒಮ್ಮೆಗೇ. ಒಂದು, ಎಲ್‌ಇಡಿ. ಶುಜಿ ನಕಾಮುರಾ ಮತ್ತು ಇನ್ನಿಬ್ಬರಿಗೆ ನೀಲಿ ಎಲ್‌ಇಡಿಗಾಗಿ 2014ರಲ್ಲಿ ನೊಬೆಲ್ ಬಂತು, 2015ರ ಜನವರಿಯಲ್ಲಿ ಭಾರತ ಸರಕಾರದ ಉಜಾಲಾ ಯೋಜನೆ ಶುರುವಾಗಿ ಎಲ್‌ಇಡಿ ಬಲ್ಬು ಅಗ್ಗವಾಯಿತು. ದೀಪ ಕಾಳಿನಷ್ಟು ಸಣ್ಣದಾದ್ದರಿಂದ ಅದನ್ನು ಎಲ್ಲಿ ಬೇಕಾದರೂ ಅಡಗಿಸಬಹುದು ಅಂತಾಯಿತು. ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ, ಗೋಡೆಗೆ ಅಂಟಿದ ಹಾಗೆ ಪಟ್ಟಿ ದೀಪ ಹಾಕೋದು ಫ್ಯಾಷನ್ ಆಯಿತು. ಎರಡು, ಗಾಜು. ನೆಲದಿಂದ ಸೂರಿನವರೆಗೆ, ಗೋಡೆಯ ಮೂಲೆಯವರೆಗೆ ಕಿಟಕಿ ಬಂದ ಮೇಲೆ ಸೂರ್ಯನೇ ಬೆಳಿಗ್ಗೆ ಅರ್ಧ ಗಂಟೆ ಗೋಡೆ ಸವರಿಕೊಂಡು ಹೋಗುತ್ತಾನೆ. ಮೂರು, ಪುಟ್ಟಿ ಮತ್ತು ಹೊಳಪಿನ ಬಣ್ಣ. ಸುಣ್ಣದ ಗೋಡೆ ಬೆಳಕನ್ನು ಚದುರಿಸಿ ಮುಚ್ಚಿಕೊಳ್ಳುತ್ತಿತ್ತು, ಹೊಳಪಿನ ಬಣ್ಣ ಕನ್ನಡಿಯ ಹಾಗೆ ಎತ್ತಿ ತೋರಿಸುತ್ತದೆ. ಪುಟ್ಟಿ ಹಚ್ಚುವುದು ಒಂದೆರಡು ಮಿಲಿಮೀಟರ್ ದಪ್ಪ. ಒರಟುತನ ಅದು ಮುಚ್ಚೀತು, ಒಂದು ಮೀಟರ್ ಉದ್ದದ ತಗ್ಗನ್ನು ಮುಚ್ಚಲಾರದು. ಹೀಗೆ ತಿದ್ದುವ ಸಮಯ ಕಡಿಮೆಯಾದ ಕಾಲದಲ್ಲೇ ತಪ್ಪು ತೋರಿಸುವ ಬೆಳಕು ಜಾಸ್ತಿಯಾಯಿತು. ಗಿಲಾವಿನ ನೂರು ವರ್ಷದ ಚರಿತ್ರೆಯನ್ನು ಒಂದು ಸಾಲಿನಲ್ಲಿ ಹೇಳು ಅಂದರೆ ನಾನು ಹೇಳೋದು ಇದನ್ನೇ.

ಇದು ಬೆಂಗಳೂರಿನ ಮಾತು ಮಾತ್ರ ಅಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದ ಎಷ್ಟೋ ಓಣಿಗಳು ಮುಳುಗಿದವು, ನದಿ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಮತ್ತೆ ಮಣ್ಣಿನ ಗೋಡೆ ಕಟ್ಟುವ ಧೈರ್ಯ ಯಾರಿಗಿರುತ್ತದೆ? ಎದ್ದದ್ದು ಸಿಮೆಂಟ್ ಮನೆಗಳು. ನಮ್ಮ ಕಡೆಯ ಹೊಸ ಮನೆಗಳ ಪಡಸಾಲೆಯಲ್ಲೂ ಈಗ ಪಿಒಪಿ ಸೀಲಿಂಗು, ಅಂಚಿಗೆ ಬಣ್ಣ ಬಣ್ಣದ ಎಲ್‌ಇಡಿ ಪಟ್ಟಿ. ಸಾರಿಸಿದ ಕೈಗುರುತನ್ನು ಚಂದ ಅಂದಿದ್ದ ಅಜ್ಜಿಯೇ ಮೊಮ್ಮಗನ ಹೊಸ ಮನೆಯಲ್ಲಿ ‘ಗ್ವಾಡಿ ಯಾಕೋ ಡೊಂಕ ಕಾಣ್ತೈತಲ್ಲೋ’ ಅನ್ನುವ ಕಾಲ.

ಬೇರೆ ದೇಶಗಳು ಈ ತಕರಾರನ್ನು ಮೊದಲೇ ಕಂಡಿದ್ದವು, ಹಾಗಾಗಿ ಮೊದಲೇ ಬರೆದಿಟ್ಟುಕೊಂಡವು. ಸವರಿಕೊಂಡು ಹೋಗುವ ಬೆಳಕಿಗೆ ಜರ್ಮನ್ ಭಾಷೆಯಲ್ಲಿ ಶ್ಟ್ರೈಫ್‌ಲಿಶ್ಟ್ ಅಂತ ಒಂದೇ ಪದ ಇದೆ. ಅಲ್ಲಿ ಗೋಡೆಯ ನಯಕ್ಕೆ ಕ್ಯೂ1ರಿಂದ ಕ್ಯೂ4ರವರೆಗೆ ದರ್ಜೆ ಇದೆ. ಓರೆ ಬೆಳಕು ಬೀಳುವ ಗೋಡೆಗೆ ಮೇಲಿನ ದರ್ಜೆ ಬೇಕು, ಅದಕ್ಕೆ ಹೆಚ್ಚು ದುಡ್ಡು, ಮತ್ತು ಮುಂದೆ ಅಲ್ಲಿ ಯಾವ ದೀಪ ಬರುತ್ತದೆ ಅನ್ನೋದು ಕೆಲಸಗಾರನಿಗೆ ಮೊದಲೇ ಗೊತ್ತಿರಬೇಕು. ಅಮೆರಿಕದಲ್ಲಿ ಜಿಪ್ಸಂ ಬೋರ್ಡಿನ ಗೋಡೆಗೆ ಸೊನ್ನೆಯಿಂದ ಐದರವರೆಗೆ ಮಟ್ಟ ಗೊತ್ತುಮಾಡಿದ್ದಾರೆ, ಕಠಿಣ ಬೆಳಕು ಅಥವಾ ಹೊಳಪಿನ ಬಣ್ಣ ಇದ್ದರೆ ಐದನೆಯ ಮಟ್ಟ. ಬ್ರಿಟನ್ನಿನಲ್ಲಿ 1.8 ಮೀಟರ್ ಪಟ್ಟಿ ಇಟ್ಟರೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು ಅನ್ನೋದು ಹಳೆಯ ಅಳತೆ. ಅಲ್ಲಿ ಹೊಸ ಮನೆಯ ಗೋಡೆ ನೋಡೋದು ಹಗಲ ಬೆಳಕಿನಲ್ಲಿ, ಎರಡು ಮೀಟರ್ ದೂರ ನಿಂತು. ನಮ್ಮಲ್ಲೂ ಗಿಲಾವಿಗೆ ಐಎಸ್ 1661 ಅಂತ ಮಾನಕ ಇದೆ. ಆದರೆ ಮನೆ ಕಟ್ಟಿಸುವವರು ಗೌಂಡಿಯ ಜೊತೆ ಮಾಡಿಕೊಳ್ಳುವ ಒಪ್ಪಂದ ಚದರ ಅಡಿಗೆ ಇಷ್ಟು ಅನ್ನೋದರಲ್ಲೇ ಮುಗಿಯುತ್ತದೆ. ಸಾಫ್ಟ್‌ವೇರಿನವರಿಗೆ ಇದು ತಟ್ಟನೆ ಅರ್ಥವಾಗಬೇಕು. ಅಕ್ಸೆಪ್ಟೆನ್ಸ್ ಕ್ರೈಟೀರಿಯಾ ಬರೆಯದೆ ಕೆಲಸ ಕೊಟ್ಟು, ಡೆಲಿವರಿ ದಿನ ಹೊಸ ಟೆಸ್ಟ್ ಕೇಸ್ ತಂದರೆ ಏನಾಗುತ್ತದೆ?

ಏನಾಗುತ್ತದೆ ಅಂತ ನಮ್ಮ ಸೀಮೆಯ ಒಬ್ಬ ಗೌಂಡಿ ನನಗೆ ಹೇಳಿದ್ದ. ಬೆಂಗಳೂರಿನಲ್ಲೇ ಹತ್ತು ಹನ್ನೆರಡು ವರ್ಷದಿಂದ ಗಿಲಾವ್ ಮಾಡುವವನು, ನಾಲ್ಕು ಜನರ ತಂಡ. ಒಂದು ಮನೆಯ ಕೆಲಸ ಮುಗಿಸಿ ಹೋದ. ಎರಡು ತಿಂಗಳಾದ ಮೇಲೆ ಇಂಟೀರಿಯರಿನವರು ಬಂದು ಪಡಸಾಲೆಯ ಗೋಡೆಯ ನೆತ್ತಿಗೆ ಉದ್ದಕ್ಕೆ ದೀಪ ಕೂರಿಸಿದರು. ಹಚ್ಚಿದರೆ ಗೋಡೆ ತುಂಬ ಅಲೆ. ಮಾಲೀಕರು ಕೊನೆಯ ಕಂತು ತಡೆಹಿಡಿದರು. ತಂಡದ ಇಬ್ಬರ ಕೂಲಿ ಆ ಕಂತಿನಲ್ಲೇ ಇತ್ತು. ಅವನು ಹೋಗಿ ಕೇಳಿದ ಮಾತು ನನಗೆ ಹಾಗೇ ನೆನಪಿದೆ: ‘ಸರ್ರ, ನಾ ಗಿಲಾವ್ ಮಾಡೂ ಮುಂದ ಆ ದೀಪ ಎಲ್ಲಿತ್ರಿ? ಮೊದ್ಲ ಹೇಳಿದ್ರ ಅದಕ್ಕ ತಕ್ಕಂಗ ಮಾಡ್ತಿದ್ನಿ. ಅದಕ್ಕ ತಕ್ಕಂಗ ರೊಕ್ಕಾನೂ ಕೇಳ್ತಿದ್ನಿ.’ ಕೊನೆಗೆ ತನ್ನ ಖರ್ಚಿನಲ್ಲಿ ಮತ್ತೊಂದು ಸಲ ಪುಟ್ಟಿ ಹೊಡೆಸಿ ಅರ್ಧ ದುಡ್ಡು ತಂದ. ಇನ್ನರ್ಧ ಬರಲಿಲ್ಲ.

ಮಾಲೀಕರು ಕೆಟ್ಟವರು, ಗೌಂಡಿ ಒಳ್ಳೆಯವನು ಅಂತ ಹೇಳಲು ಈ ಕತೆ ಹೇಳಲಿಲ್ಲ. ಮೋಸದ ಗಿಲಾವ್ ಬೇಕಾದಷ್ಟಿದೆ. ಬಡಿದರೆ ಪೊಳ್ಳು ಸದ್ದು ಬರುವುದು, ನೀರು ಸಾಲದೆ ಬಿರುಕು ಬಿಟ್ಟದ್ದು, ಉಗುರಿಗೆ ಮರಳು ಉದುರುವುದು, ತೂಗುಗುಂಡಿಗೆ ಸೊಟ್ಟ ಇರುವುದು, ತೇವ ಹಿಡಿದದ್ದು. ಇವು ಯಾವ ಬೆಳಕಿನಲ್ಲಿ ನೋಡಿದರೂ ದೋಷಗಳೇ, ಕತ್ತಲಲ್ಲಿ ಮುಟ್ಟಿದರೂ ದೋಷಗಳೇ. ಫ್ಲ್ಯಾಟ್ ಕೊಂಡವರಿಗೆ ಕಾನೂನಿನ ಬಲವೂ ಇದೆ. 2016ರ ರೇರಾ ಕಾಯ್ದೆಯ 14ನೆಯ ಸೆಕ್ಷನ್ ಪ್ರಕಾರ ಸ್ವಾಧೀನಕ್ಕೆ ತಗೊಂಡ 5 ವರ್ಷದೊಳಗೆ ಕೆಲಸಗಾರಿಕೆಯ ದೋಷ ಕಂಡರೆ ಬಿಲ್ಡರು 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಆದರೆ ಬಿಲ್ಡರಿಂದ ಗುತ್ತಿಗೆದಾರ, ಗುತ್ತಿಗೆದಾರನಿಂದ ಮೇಸ್ತ್ರಿ, ಮೇಸ್ತ್ರಿಯಿಂದ ಗೌಂಡಿ ಹೀಗೆ ಮೆಟ್ಟಿಲು ಇಳಿದಂತೆ ಟಾರ್ಚಿನ ಫೋಟೊ ಕೆಳಗೆ ಇಳಿಯುತ್ತದೆ, ದುಡ್ಡು ಮೇಲೆಯೇ ನಿಲ್ಲುತ್ತದೆ. ಅಲೆ ಅನ್ನೋದು ಮಾತ್ರ ಬೆಳಕಿಗೆ ತಕ್ಕ ಹಾಗೆ ಕಾಣುವ, ಮಾಯವಾಗುವ ದೋಷ. ಅದನ್ನು ಪೊಳ್ಳಿನ ಸಾಲಿನಲ್ಲಿ, ಬಿರುಕಿನ ಸಾಲಿನಲ್ಲಿ ಸೇರಿಸೋದು ನ್ಯಾಯ ಅಲ್ಲ.

ಓರೆ ಬೆಳಕು ಯಾವಾಗಲೂ ತಪ್ಪು ಹುಡುಕಲಿಕ್ಕೇ ಬಳಕೆಯಾಗಿದೆ ಅಂದುಕೊಳ್ಳಬೇಡಿ. ಶಾಸನ ಓದುವವರಿಗೆ ಅದೇ ಗೆಳೆಯ. ಗೋಕಾಕ ಜಲಪಾತದ ಹತ್ತಿರ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ ಇದೆ. ಇಂಥ ಕಡೆ ಸವೆದ ಕಲ್ಲಿನ ಮೇಲೆ ನಡು ಮಧ್ಯಾಹ್ನ ಏನೂ ಕಾಣಲ್ಲ, ಬೆಳಿಗ್ಗೆಯೋ ಸಂಜೆಯೋ ಹೋದರೆ ಗೀರುಗಳು ಕಾಣುತ್ತವೆ. ಎಚ್‌ಪಿ ಕಂಪನಿಯ ಪ್ರಯೋಗಾಲಯದಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ತಂತ್ರದಲ್ಲಿ ಒಂದೇ ವಸ್ತುವಿನ ಮೇಲೆ ಬೇರೆ ಬೇರೆ ದಿಕ್ಕಿನಿಂದ ಬೆಳಕು ಬಿಟ್ಟು ಫೋಟೊ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದ ಕೋನಕ್ಕೆ ದೀಪ ಸರಿಸಿ ನೋಡಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಸುತ್ತಿದೆ. ಇಂಥ ಸ್ಕ್ಯಾನನ್ನು ಪರದೆಯ ಮೇಲೆ ತಿರುಗಿಸಿ, ಬೆಳಕನ್ನು ಅಡ್ಡ ತಂದಾಗ ಅಕ್ಷರ ಏಳುವುದನ್ನು ನೋಡಿದರೆ ಲ್ಯಾಂಬರ್ಟನಿಗೆ ಕೈಮುಗಿಯಬೇಕು ಅನಿಸುತ್ತದೆ. ಕಲ್ಲಿನಲ್ಲಿ ಕಾಲು ಮಿಲಿಮೀಟರ್ ತಗ್ಗು ಕಂಡರೆ ಅಲ್ಲೊಬ್ಬ ಮನುಷ್ಯ ಕೂತು ಕೆಲಸ ಮಾಡಿದ್ದ ಅಂತ ಪುಳಕ ಆಗುತ್ತದೆ. ನಮ್ಮ ಮನೆಯ ಗೋಡೆಯಲ್ಲಿ ಅದಕ್ಕಿಂತ ಸಣ್ಣದು ಕಂಡರೆ ಫೋಟೊ ತೆಗೆದು ದುಡ್ಡು ಹಿಡಿಯುತ್ತೇವೆ.

ಒಳ್ಳೆಯ ಗೌಂಡಿಗಳೂ ಓರೆ ದೀಪ ಬಳಸುತ್ತಾರೆ, ಅದೂ ನಮಗಿಂತ ಮೊದಲು. ಪುಟ್ಟಿ ಉಜ್ಜುವಾಗ ಗೋಡೆಯ ಬುಡಕ್ಕೆ ಫೋಕಸ್ ಲೈಟ್ ಇಟ್ಟುಕೊಂಡು, ನೆರಳು ಕಂಡಲ್ಲಿ ಮತ್ತೆ ಕೈಯಾಡಿಸುತ್ತಾರೆ. ಗೋಡೆ ಹಸಿ ಇದ್ದಾಗ ಆ ಬೆಳಕು ಒಂದು ಸಲಕರಣೆ. ಅದನ್ನು ಆಗ ಹಿಡಿಯಲು ಸಮಯ ಬೇಕು, ಸಮಯಕ್ಕೆ ಕೂಲಿ ಬೇಕು. ಆದ್ದರಿಂದ ಮನೆ ಕಟ್ಟಿಸುವವರಿಗೆ, ಒಳಗಿನ ಕೆಲಸ ಮಾಡಿಸುವವರಿಗೆ ನನ್ನದು ಸಣ್ಣ ಮಾತು. ಗಿಲಾವ್ ಶುರುವಾಗುವ ಮೊದಲೇ ದೀಪದ ಜಾಗ ಗೊತ್ತುಮಾಡಿ, ಯಾವ ಗೋಡೆಯ ಮೇಲೆ ಬೆಳಕು ಸವರಿಕೊಂಡು ಬರುತ್ತದೆ ಅಂತ ಗೌಂಡಿಗೆ ಅಲ್ಲೇ ಕರೆದು ತೋರಿಸಿ. ಎಷ್ಟು ಉದ್ದದ ಪಟ್ಟಿ, ಎಷ್ಟು ಮಿಲಿಮೀಟರ್ ಸಂದು, ಎಷ್ಟು ದೂರದಿಂದ ನೋಡೋದು ಅಂತ ಬರೆದುಕೊಳ್ಳಿ. ಆ ಒಂದು ಗೋಡೆಗೆ ಹೆಚ್ಚಿನ ದರ ಒಪ್ಪಿಕೊಳ್ಳಿ. ಉಳಿದ ಗೋಡೆಗಳನ್ನು ಹಗಲು ಹೊತ್ತು ಎರಡು ಮೀಟರ್ ದೂರ ನಿಂತು ನೋಡಿ, ಹತ್ತಿರ ಹೋಗಿ ಗೆಣ್ಣಿನಿಂದ ಬಡಿದು ನೋಡಿ. ಇಷ್ಟು ಮಾಡಿದ ಮೇಲೂ ಟಾರ್ಚ್ ಹಿಡಿಯುವುದಿದ್ದರೆ ಕೊನೆಯ ಕಂತು ಕೊಟ್ಟ ಮೇಲೆ ಹಿಡಿಯಿರಿ.